ನನ್ನ ರಕ್ತದಲ್ಲಿಲ್ಲದ ಒಂದು ಪ್ರೋಟೀನು

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದೆಂದರೆ ಹಿತ್ತಲಿಂದ ಕರಿಬೇವು ಕಿತ್ತು ತಂದಷ್ಟು ಸಲೀಸು. ಯಾರೂ ಎರಡು ಸಲ ಯೋಚಿಸುವುದಿಲ್ಲ. ನನ್ನ ಅವ್ವ ಮದುವೆಯಾದದ್ದು ತನ್ನ ಸ್ವಂತ ಸೋದರಮಾವನನ್ನು. ಅಪ್ಪ ಸಾಯುವವರೆಗೂ ಅವಳು ಅವನನ್ನು ‘ಮಾವ’ ಎಂದೇ ಕರೆದಳು. ಅದೇ ಅವ್ವ ಹೋದ ವರ್ಷ, ನನ್ನ ಅಕ್ಕನ ಮಗಳನ್ನು ನನ್ನ ತಮ್ಮನಿಗೆ ತಂದುಕೊಳ್ಳುವುದೆಂದು ತೀರ್ಮಾನ ಮಾಡಿಬಿಟ್ಟಳು. ಅಕ್ಕ ಮದ್ದೂರಿನಿಂದ ಕುಣಿದುಕೊಂಡು ಬಂದಳು. ತಮ್ಮ ಹೂಂ ಎಂದ. ಅವನು ಊಟಕ್ಕೂ ಹೂಂ, ಗೊಬ್ಬರಕ್ಕೂ ಹೂಂ, ಮದುವೆಗೂ ಹೂಂ. ಆಗ ಬೇಡ ಎಂದವಳು ನಾನೊಬ್ಬಳೇ. ಅಂದಿನಿಂದ ಆ ಮನೆಗೆ ನಾನು ಶತ್ರು. ಆಗಲಿ, ನನಗೇನೂ ಬೇಜಾರಿಲ್ಲ.

ಯಾಕೆ ಬೇಡ ಎಂದೆ ಅನ್ನುವುದಕ್ಕೆ ನನ್ನ ರಕ್ತದ ಕಥೆ ಹೇಳಬೇಕು.

ಹಲಗೂರಿನ ಹತ್ತಿರದ ನಮ್ಮೂರಿನಲ್ಲಿ ನಾನು ಎಂಟನೇ ಕ್ಲಾಸು ಓದುತ್ತಿದ್ದಾಗ ಒಂದು ಜ್ವರ ಬಂತು. ತಲೆ ಸಿಡಿಯುವ ನೋವು, ಕತ್ತು ಬಗ್ಗಿಸಲಾಗದು, ಬೆಳಕು ನೋಡಲಾಗದು. ಮಾರನೇ ದಿನ ಕಾಲಿನ ಮೇಲೆ ಕಡುಗೆಂಪು ಚುಕ್ಕಿಗಳು ಕಾಣಿಸಿಕೊಂಡವು. ಅವ್ವ ಚುಕ್ಕಿಗಳನ್ನು ನೋಡಿದವಳೇ ಕೈಮುಗಿದಳು.

“ಅಮ್ಮ ಬಂದವ್ಳೆ. ಯಾರೂ ಒಗ್ಗರಣೆ ಆಕ್ಬ್ಯಾಡಿ” ಎಂದು ಮನೆಯವರಿಗೆಲ್ಲ ಹೇಳಿದಳು.

ನನ್ನನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಬಾಗಿಲಿಗೂ ಬೇವಿನ ಸೊಪ್ಪು ಸಿಕ್ಕಿಸಿದರು. ಅಮ್ಮ ಬಂದ ಮೈಯನ್ನು ಡಾಕ್ಟರಿಗೆ ತೋರಿಸಿದರೆ ಅಮ್ಮ ಮುನಿಯುತ್ತಾಳೆ ಎನ್ನುವುದು ನಮ್ಮೂರಿನ ಕಾನೂನು. ಅಮ್ಮನ ಗುಳ್ಳೆಯಾದರೆ ನೀರು ತುಂಬಿಕೊಳ್ಳುತ್ತದೆ. ನನ್ನ ಚುಕ್ಕಿಗಳಲ್ಲಿ ನೀರಿರಲಿಲ್ಲ, ಚರ್ಮದ ಒಳಗೇ ಶಾಯಿ ಚೆಲ್ಲಿದ ಹಾಗೆ ಹರಡಿದ್ದವು, ಒತ್ತಿದರೂ ಮಾಸುತ್ತಿರಲಿಲ್ಲ. ಅದನ್ನು ಒತ್ತಿ ನೋಡಿದವರಾದರೂ ಯಾರು? ಕೈಮುಗಿದು ನಿಂತವರು ಮುಟ್ಟಿ ನೋಡುವುದಿಲ್ಲ. ನನಗೆ ಫಿಟ್ಸ್ ಬಂದಾಗ ಅಪ್ಪ ಹೆದರಿ, ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ. ಜೀವ ಉಳಿಯಿತು, ಎಡಗಿವಿ ಪೂರ್ತಿ ಹೋಯಿತು. ಅಮ್ಮ ಕಿವಿ ತಗೊಂಡು ಜೀವ ಬಿಟ್ಟಳು ಎಂದು ಊರಿನ ಹೆಂಗಸರು ಸಮಾಧಾನ ಹೇಳಿದರು. ಆ ಸಮಾಧಾನದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಗಂಡು ಸಿಗಲಿಲ್ಲ ಎಂದು ಮರುಗಲು ಬರುವ ನೆಂಟರನ್ನೆಲ್ಲ ನಾನು ಎಡಗಡೆಯೇ ಕೂರಿಸಿಕೊಳ್ಳುತ್ತೇನೆ.

ಎರಡನೇ ಸಲ ಅದೇ ಜ್ವರ ಬಂದಾಗ ನಾನು ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದೆ. ಕತ್ತು ಬಿಗಿದ ಕೂಡಲೇ ನನಗೆ ಗೊತ್ತಾಯಿತು. ಊರಿಗೆ ಫೋನು ಮಾಡಲಿಲ್ಲ, ಮಾಡಿದ್ದರೆ ಅವ್ವ ಬೇವಿನ ಸೊಪ್ಪು ಹಿಡಿದುಕೊಂಡೇ ಬರುತ್ತಿದ್ದಳು. ಕಾರು ಮಾಡಿಕೊಂಡು ನೇರ ಮೈಸೂರಿನ ಆಸ್ಪತ್ರೆಗೆ ಹೋದೆ. ಜ್ವರ ಇಳಿದ ಮೇಲೆ ಅಲ್ಲಿನ ಡಾಕ್ಟರಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

“ಮಿದುಳಿನ ಪೊರೆಗೆ ಹತ್ತುವ ಈ ಸೋಂಕು ಒಬ್ಬರಿಗೇ ಎರಡು ಸಲ ಬರುವುದು ಅಪರೂಪ. ನಿಮ್ಮ ತಂದೆ ತಾಯಿ ಸಂಬಂಧದಲ್ಲೇ ಮದುವೆಯಾದವರಾ?” ಎಂದು ಕೇಳಿದರು.

“ನಮ್ಮಮ್ಮನಿಗೆ ನಮ್ಮಪ್ಪ ಸೋದರಮಾವ” ಎಂದೆ. ಅವರು ಆಶ್ಚರ್ಯಪಡಲಿಲ್ಲ. ಅದು ನನ್ನನ್ನು ಇನ್ನೂ ಕೆಣಕಿತು.

ಆಮೇಲೆ ಪರೀಕ್ಷೆ ಮಾಡಿಸಿದರು, ವಿವರಿಸಿದರು. ನಾನೂ ಓದಿಕೊಂಡೆ. ರಕ್ತದಲ್ಲಿ ಹಗಲು ರಾತ್ರಿ ಸುತ್ತುವ ಕೆಲವು ಪ್ರೋಟೀನುಗಳಿವೆ. ಅವಕ್ಕೆ ಕಣ್ಣಿಲ್ಲ, ಬುದ್ಧಿಯಿಲ್ಲ, ಮುಟ್ಟಿಯೇ ಗುರುತು ಹಿಡಿಯಬೇಕು. ಬ್ಯಾಕ್ಟೀರಿಯದ ಹೊರಮೈಯಲ್ಲಿ ಸಕ್ಕರೆಯ ಕಣಗಳು ಒಂದು ಬಗೆಯಲ್ಲಿ ಸಾಲಾಗಿ ಕೂತಿರುತ್ತವೆ. ನಮ್ಮ ಜೀವಕೋಶಗಳ ಮೇಲೂ ಸಕ್ಕರೆಯಿದೆ, ಆದರೆ ಅದರ ಸಾಲೇ ಬೇರೆ. ಆ ಹೊರಗಿನ ಸಾಲಿಗೆ ಮಾತ್ರ ಸರಿಯಾಗಿ ಕಚ್ಚಿಕೊಳ್ಳುವ ಪ್ರೋಟೀನು ಒಂದಿದೆ. ಇನ್ನೊಂದು, ಬ್ಯಾಕ್ಟೀರಿಯದ ಮೇಲೆ ಆಗಲೇ ಪ್ರತಿಕಾಯ ಕೂತಿದ್ದರೆ ಅದನ್ನು ಹಿಡಿದುಕೊಳ್ಳುತ್ತದೆ. ಮೂರನೆಯದಕ್ಕೆ ಹಿಂದೆಮುಂದೆ ಇಲ್ಲ, ಸಿಕ್ಕವರಿಗೆಲ್ಲ ಅಂಟಿಕೊಳ್ಳುತ್ತದೆ. ಅಂಟಿದ್ದು ನಮ್ಮದೇ ಕೋಶಕ್ಕಾದರೆ ಅಲ್ಲಿ ಕಾವಲಿದೆ, ಕೂಡಲೇ ಕಿತ್ತುಹಾಕುತ್ತದೆ. ಬ್ಯಾಕ್ಟೀರಿಯದ ಮೇಲೆ ಕೀಳುವವರಿಲ್ಲ, ಆದ್ದರಿಂದ ಅಲ್ಲೇ ಉಳಿಯುತ್ತದೆ, ಉಳಿದು ಇನ್ನಷ್ಟನ್ನು ಕರೆಯುತ್ತದೆ. ಒಂದು ಇನ್ನೊಂದನ್ನು ಎಬ್ಬಿಸುತ್ತಾ ಹೋಗಿ, ಕೊನೆಗೆ ಬಂದವು ಉಂಗುರದ ಹಾಗೆ ಕೂಡಿಕೊಂಡು ಬ್ಯಾಕ್ಟೀರಿಯದ ಪೊರೆಗೆ ತೂತು ಕೊರೆಯುತ್ತವೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ನನ್ನ ರಕ್ತದಲ್ಲಿ ಆ ಕೊನೆಯ ಗುಂಪಿನ ಒಂದು ಪ್ರೋಟೀನು ಇಲ್ಲ. ಗುರುತು ಹಿಡಿಯುವುದೆಲ್ಲ ಸರಿಯಾಗಿಯೇ ಆಗುತ್ತದೆ, ತೂತು ಬೀಳುವುದಿಲ್ಲ. ಬೇರೆ ಎಷ್ಟೋ ಬ್ಯಾಕ್ಟೀರಿಯಗಳನ್ನು ಬಿಳಿ ರಕ್ತಕಣಗಳು ನುಂಗಿ ನಿಭಾಯಿಸುತ್ತವೆ. ನನಗೆ ಎರಡು ಸಲ ಬಂದ ಈ ಜಾತಿಯದನ್ನು ಕೊಲ್ಲಲು ಮಾತ್ರ ಆ ತೂತೇ ಬೇಕು. ಹಾಗಾಗಿ ನನಗೆ ಲಸಿಕೆ, ದಿನವೂ ಪೆನಿಸಿಲಿನ್ ಮಾತ್ರೆ, ಜ್ವರ ಬಂದರೆ ಆಸ್ಪತ್ರೆಗೆ ಓಟ.

ಈ ಪ್ರೋಟೀನನ್ನು ಮಾಡಿಸುವ ಜೀನಿನ ಕೆಟ್ಟ ಪ್ರತಿ ನನಗೆ ಅಪ್ಪನಿಂದಲೂ ಬಂದಿದೆ, ಅವ್ವನಿಂದಲೂ ಬಂದಿದೆ. ಒಂದೇ ಕೆಟ್ಟ ಪ್ರತಿಯಿದ್ದವರಿಗೆ ಏನೂ ಆಗುವುದಿಲ್ಲ, ಅದು ಇರುವುದೂ ಗೊತ್ತಾಗುವುದಿಲ್ಲ. ನನ್ನ ಅಕ್ಕನಲ್ಲಿ ಇರಬಹುದು, ತಮ್ಮನಲ್ಲಿ ಇರಬಹುದು, ಅಕ್ಕನ ಮಗಳಲ್ಲೂ ಇರಬಹುದು. ಇಬ್ಬರು ಅಂಥವರನ್ನು ಜೋಡಿಸಿದರೆ ಹುಟ್ಟುವ ಮಗು ನನ್ನಂತಾಗಬಹುದು. ನಾನು ಕೇಳಿದ್ದು ಇಷ್ಟೇ: ಎಲೆ ಅಡಿಕೆ ಬದಲಾಯಿಸುವ ಮೊದಲು ಹುಡುಗ ಹುಡುಗಿಯ ರಕ್ತ ಪರೀಕ್ಷೆ ಮಾಡಿಸಿ.

ಕೇಳಿದ್ದೇ ಮಹಾಪರಾಧವಾಯಿತು. ಒಂದು ಭಾನುವಾರ ಊರಿನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಅಕ್ಕನ ಮಗಳು ಮಂಡ್ಯದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಅವಳು ಅಡುಗೆಮನೆಯ ಹೊಸಿಲ ಹತ್ತಿರ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಮದುವೆ ಅವಳದು, ಆದರೆ ಮಾತು ನಮ್ಮದು.

“ನಂಗೇನಾಗದೆ? ನನ್ ಮಗ್ಳಿಗೇನಾಗದೆ? ಕಲ್ ಗುಂಡಂಗವ್ಳೆ” ಎಂದು ಅಕ್ಕ ಶುರುಮಾಡಿದಳು. “ನಿಂಗೆ ಮದ್ವೆ ಆಗ್ನಿಲ್ಲ ಅಂತ ನನ್ ಮಗ್ಳ ಮದ್ವೆಗೆ ಕಲ್ಲಾಕ್ತಿದ್ದೀಯಲ್ಲೇ.”

“ನಾನ್ ಕೇಳ್ತಿರೋದು ಒಂದ್ ಸಿರಿಂಜು ರಕ್ತ ಕಣಕ್ಕ. ನಿನ್ ಮಗ್ಳ ತಲೆಯಲ್ಲ.”

“ಮನೆ ಎಣ್ಣಿನ ರಕ್ತ ತೆಗ್ಸಿ ನೋಡ್ತಾರಾ? ಊರೋರಿಗೆ ಗೊತ್ತಾದ್ರೆ ಇವ್ಳಿಗೇನೋ ರೋಗ ಅಂತಾರೆ.”

ಗೋಡೆಗೊರಗಿ ಕೂತಿದ್ದ ಅವ್ವ ಬಾಯಿ ಹಾಕಿದಳು. “ಅಕ್ಕನ ಮಗ್ಳ ಮ್ಯಾಲೆ ತಮ್ಮಂಗೆ ಅಕ್ಕು ಅದೆ. ನಮ್ಮೋಳು ಬಂದ್ರೆ ವಯಸ್ಸಾದ್ ಮ್ಯಾಲೆ ಒಂದ್ ತುತ್ತು ಇಟ್ಟು ಆಕ್ತಾಳೆ. ಒರಗ್ನೋಳು ಬಂದ್ರೆ ಮನೆ ಒಡೀತಾಳೆ.”

ನನ್ನ ಮೈ ಉರಿಯಿತು. ನಮ್ಮೋರು, ನಮ್ಮೋರು. ತಲೆಮಾರುಗಟ್ಟಲೆ ನಮ್ಮವರನ್ನೇ ನಮ್ಮವರಿಗೆ ಕಟ್ಟಿ ಕಟ್ಟಿ, ಕೊನೆಗೆ ಹೊರಗಿನಿಂದ ಬಂದದ್ದನ್ನು ಕೊಲ್ಲಬೇಕಾದ ಪ್ರೋಟೀನನ್ನೇ ಕಳೆದುಕೊಂಡ ಜನ ಇವರು. ಇದನ್ನು ಹೀಗೇ ಅಂದೆ. ಯಾರಿಗೂ ಅರ್ಥವಾಗಲಿಲ್ಲ, ಬೈದೆ ಎನ್ನುವುದು ಮಾತ್ರ ಅರ್ಥವಾಯಿತು. ತಮ್ಮ ಎದ್ದು ಕೊಟ್ಟಿಗೆಯ ಕಡೆ ಹೋದ.

“ಅಂಗಾರೆ ನಾನು ನಿಮ್ಮಪ್ಪನ್ನ ಕಟ್ಕಂಡಿದ್ದೇ ತಪ್ಪಾ?” ಅವ್ವ ಕೇಳಿದಳು.

“ತಪ್ಪು ಕಣವ್ವ.”

“ನೀನ್ ಉಟ್ಟಿದ್ದೂ ತಪ್ಪಾ?”

“ಉಟ್ಟಾಯ್ತು, ಬದುಕ್ತಿದ್ದೀನಿ” ಎಂದೆ. “ಆದ್ರೆ ಗೊತ್ತಿದ್ದೂ ಗೊತ್ತಿದ್ದೂ ಇನ್ನೊಂದ್ ಮಗೀಗೆ ಈ ಪಾಡು ಬ್ಯಾಡ. ಬ್ಯಾಡ ಅಂದ್ರೆ ಬ್ಯಾಡ.”

ಅವ್ವನ ಮುಖ ಕೆಂಪಾಯಿತು. “ಬ್ಯಾಡ ಅಂತ ನಾನೂ ಅಂದಿದ್ದೆ ಕಣೇ. ಎತ್ತಾಡ್ಸಿದ್ ಮಾವನ್ನ ಎಂಗೆ ಕಟ್ಕಳ್ಳಿ ಅಂತ ಅತ್ತಿದ್ದೆ. ನಮ್ಮವ್ವ ಬಾಗ್ಲಾಕಂಡು ಬಡುದ್ಲು. ಅವತ್ತು ನನ್ ಮಾತು ಯಾರ್ ಕೇಳುದ್ರು, ಇವತ್ತು ನಿನ್ ಮಾತು ನಾನ್ ಕೇಳಾಕೆ?”

ಇಷ್ಟು ವರ್ಷದಲ್ಲಿ ಅವಳು ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಅಕ್ಕನೂ ಕೇಳಿರಲಿಲ್ಲ ಎನ್ನುವುದು ಅವಳ ಮುಖದಲ್ಲೇ ಕಾಣುತ್ತಿತ್ತು. ನನಗೆ ಅವ್ವನನ್ನು ಕಂಡು ಅಯ್ಯೋ ಅನ್ನಿಸಿತು, ಅದರ ಹಿಂದೆಯೇ ಮೊದಲಿಗಿಂತ ಹೆಚ್ಚು ಸಿಟ್ಟೂ ಬಂತು. ತಾನು ತಿಂದ ಏಟನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡು, ಈಗ ಮೊಮ್ಮಗಳಿಗೆ ಬಡಿಸಲು ಕೂತಿದ್ದಳಲ್ಲ.

ಅಕ್ಕನ ಮಗಳು ಅವರೆಕಾಳಿನ ಪಾತ್ರೆ ಪಕ್ಕಕ್ಕಿಟ್ಟಳು. ಹಿಂದಿನ ವಾರ ನಾನು ಫೋನಿನಲ್ಲಿ ಕೇಳಿದಾಗ “ಬುಡಿ ಚಿಕ್ಕಮ್ಮ, ನಾನೇನ್ ಏಳ್ಲಿ” ಎಂದು ಮಾತು ಹಾರಿಸಿದ್ದವಳು ಅವಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು ಅವ್ವನ ಎದುರಿಗೆ ನಿಂತಳು.

“ಅಜ್ಜಿ, ನಾನೂ ಬ್ಯಾಡ ಅಂತಿವ್ನಿ. ಬಾಗ್ಲಾಕ್ಕೊ” ಎಂದಳು.

ಅವ್ವ ಬಾಗಿಲ ಕಡೆ ನೋಡಿದಳು, ಏಳಲಿಲ್ಲ. ಎದ್ದದ್ದು ಅಕ್ಕ. ಮಗಳ ಕೆನ್ನೆಗೆ ಬಾರಿಸಲು ಅವಳು ಕೈ ಎತ್ತಿದಾಗ, ಕೂತಲ್ಲಿಂದಲೇ ಅವ್ವ ಅವಳ ಸೀರೆ ಹಿಡಿದು ಜಗ್ಗಿದಳು.

“ಒಡೀಬ್ಯಾಡ ಕಣೇ” ಎಂದಳು. “ಒಡುದ್ರೆ ಒಪ್ಕಂಬುಡ್ತಾಳೆ.”