ಹವಳದ ದಿಬ್ಬದ ಮೇಲಿನ ಬಲೆ

ಮೀನುಬಂದರಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹರಾಜಕ್ಕ ಎಂದು. ಇಪ್ಪತ್ತೆರಡು ವರ್ಷ ಮೀನಿನ ಹರಾಜು ಕೂಗಿ ಕೂಗಿ ಅವಳ ಗಂಟಲು ಗಂಟೆಯಂತಾಗಿತ್ತು. ಆ ದನಿಗಾಗಿಯೇ ಸರ್ವೆ ಹಡಗಿನವರು ಅವಳನ್ನು ಹುಡುಕಿಕೊಂಡು ಬಂದರು.

ಹಡಗಿನ ಮುಂದೆ ಹೋಗುವ ಕಾವಲು ದೋಣಿಯಲ್ಲಿ ಕೂತು, ದಾರಿಯಲ್ಲಿರುವ ಮೀನುಗಾರರಿಗೆ ಬಲೆ ಎತ್ತಿಕೊಳ್ಳಿ ಎಂದು ವೈರ್‌ಲೆಸ್‌ನಲ್ಲಿ ಹೇಳುವುದು ಅವಳ ಕೆಲಸ. ಬೇರೆಯವರು ಹೇಳಿದರೆ ಬೈಗುಳ ಬರುತ್ತಿತ್ತು. ಹರಾಜಕ್ಕ ಹೇಳಿದರೆ ಗೊಣಗುತ್ತಲಾದರೂ ಎತ್ತುತ್ತಿದ್ದರು.

ಹಡಗಿನ ಹಿಂದೆ ಎಂಟು ಕಿಲೋಮೀಟರ್ ಉದ್ದದ ಕೇಬಲ್‌ಗಳು ಬಾಲದಂತೆ ತೇಲುತ್ತಿದ್ದವು. ಹತ್ತು ಸೆಕೆಂಡಿಗೊಮ್ಮೆ ಹಡಗು ನೀರಿನೊಳಗೆ ಗಾಳಿ ಸಿಡಿಸುತ್ತಿತ್ತು. ಆ ಸದ್ದು ಕಡಲತಳ ಹೊಕ್ಕು, ಆಳದ ಕಲ್ಲಿಗೆ ಬಡಿದು ಮರಳಿದಾಗ ಕೇಬಲ್‌ಗಳು ಕೇಳಿಸಿಕೊಳ್ಳುತ್ತಿದ್ದವು. ಅದರಿಂದ ಮೂಡಿದ ಚಿತ್ರವನ್ನು ಹಡಗಿನ ಭೂವಿಜ್ಞಾನಿ ಮೇಡಂ ಒಮ್ಮೆ ಬಂದರಿನಲ್ಲಿ ಅವಳಿಗೆ ತೋರಿಸಿದ್ದರು. ಗೆರೆಗಳ ನಡುವೆ ಒಂದು ಡುಬ್ಬ.

“ಹವಳದ ದಿಬ್ಬ. ಕೋಟಿಗಟ್ಟಲೆ ವರ್ಷದ ಹಿಂದೆ ಜೀವಂತ ಇತ್ತು. ಈಗ ಎರಡು ಕಿಲೋಮೀಟರ್ ಮಣ್ಣಿನ ಕೆಳಗಿದೆ.”

“ಸತ್ತಿರೋ ಹವಳದಲ್ಲಿ ಏನು ಹುಡುಕ್ತೀರಿ ಮೇಡಂ?”

“ಮೈಯೆಲ್ಲ ತೂತು ಇರೋ ಕಲ್ಲು ಅದು. ಎಣ್ಣೆ ಸೇರ್ಕೊಂಡಿರಬಹುದು. ಇರಬಹುದು, ಅಷ್ಟೇ.”

ಸರ್ವೆಯ ಮೂರನೆಯ ವಾರ ಒಂದು ಮಧ್ಯಾಹ್ನ, ಆ ದಿಬ್ಬದ ಮೇಲೆ ಹಾದುಹೋಗಬೇಕಿದ್ದ ದಾರಿಗೇ ಅಡ್ಡವಾಗಿ ಒಂದು ದೋಣಿ ನಿಂತಿತ್ತು. ಅದು ಅವಳ ತಮ್ಮನದು.

“ಬೇಗ ಬಲೆ ಎತ್ತೋ, ಹಡಗು ಬರ್ತಿದೆ.”

“ಇಂಜಿನ್ ಕೈಕೊಟ್ಟಿದೆ ಕಣೇ ಅಕ್ಕ. ಕೈಯಲ್ಲೇ ಎಳೀತಿದ್ದೀವಿ. ಇನ್ನೂ ಮುಕ್ಕಾಲು ಪಾಲು ನೀರಲ್ಲಿದೆ. ಸ್ವಲ್ಪ ನಿಲ್ಲಿಸೋಕೆ ಹೇಳೇ.”

ಅವಳು ಹಡಗಿನ ಕ್ಯಾಪ್ಟನ್‌ನನ್ನು ಕೇಳಿದಳು. ಅವನೇನೂ ಗದರಲಿಲ್ಲ.

“ನಿಲ್ಲಿಸಿದ್ರೆ ಕೇಬಲ್ ಒಂದಕ್ಕೊಂದು ಸುತ್ಕೊಂಡು ಬಿಡುತ್ತಮ್ಮ. ಇಷ್ಟುದ್ದ ಬಾಲ ಇಟ್ಕೊಂಡು ತಟ್ಟಂತ ತಿರುಗೋಕೂ ಆಗಲ್ಲ. ಒಂದೂವರೆ ಗಂಟೆ ಇದೆ, ಆದಷ್ಟು ಎಳೀರಿ.”

ಕಾವಲು ದೋಣಿಯವರೆಲ್ಲ ತಮ್ಮನ ದೋಣಿಗೆ ಹಾರಿ ಬಲೆಗೆ ಕೈ ಹಾಕಿದರು. ಅವಳೂ ಸೆರಗು ಬಿಗಿದು ಎಳೆದಳು. ಅಂಗೈ ಸುಲಿಯಿತು. ಓಡಿ ಬರುವ ಅಪಾಯವಾದರೆ ಎದೆ ಒಮ್ಮೆ ಧಸಕ್ಕೆಂದು ಮುಗಿದುಹೋಗುತ್ತದೆ; ಇದು ನಡೆದು ಬರುತ್ತಿತ್ತು. ತಲೆ ಎತ್ತಿದಾಗಲೆಲ್ಲ ಹಡಗು ಇನ್ನಷ್ಟು ದೊಡ್ಡದಾಗಿರುತ್ತಿತ್ತು.

ಅರ್ಧ ಬಲೆ ಇನ್ನೂ ನೀರಿನಲ್ಲಿರುವಾಗಲೇ ಕಾವಲು ದೋಣಿ ತಮ್ಮನ ದೋಣಿಯನ್ನು ಎಳೆದುಕೊಂಡು ಹೋಗುವ ಹೊತ್ತಾಯಿತು; ಬಲೆಯ ಭಾರಕ್ಕೆ ಅದು ಜರುಗುವಂತಿರಲಿಲ್ಲ. ಎಲ್ಲರೂ ಅವಳ ಮುಖ ನೋಡಿದರು.

“ಕತ್ತರಿಸೋ,” ಎಂದಳು.

“ನೀನು ಹೇಳ್ತಿದ್ದೀಯಾ ಅಕ್ಕ?”

“ಹೂಂ, ನಾನೇ.”

ತಮ್ಮನೂ ಅವನ ಹೆಂಡತಿಯೂ ಕೂತು ಐದು ತಿಂಗಳು ಹೆಣೆದ ಬಲೆ. ತಮ್ಮ ಚಾಕು ತೆಗೆದು, ಅವಳ ಕಡೆ ತಿರುಗದೆ ಕತ್ತರಿಸಿದ. ದೋಣಿಯನ್ನು ಪಕ್ಕಕ್ಕೆ ಎಳೆದರು. ಹಡಗು ಹಾದುಹೋಯಿತು. ಹಡಗಿನ ಅಂಚಿನ ಕಂಬಿಯ ಬಳಿ ನಿಂತಿದ್ದ ಮೇಡಂ ಕೈ ಎತ್ತಲು ಹೋಗಿ ಅರ್ಧಕ್ಕೇ ಇಳಿಸಿದರು.

ಸರ್ವೆಯವರು ಹೊಸ ಬಲೆಯನ್ನೇನೋ ಕೊಟ್ಟರು. ತಮ್ಮ ತೆಗೆದುಕೊಂಡ. ಆದರೆ ಮಾರನೆಯ ವಾರದಿಂದ ಅವನ ಮೀನು ಅವಳ ಹರಾಜಿಗೆ ಬರದೆ ಅಳಿವೆಯಾಚೆಯ ಬಂದರಿಗೆ ಹೋಗತೊಡಗಿತು.

ಮರುವರ್ಷ ಆ ದಿಬ್ಬಕ್ಕೆ ಬಾವಿ ಕೊರೆದರು. ಫಲಿತಾಂಶ ತಿಳಿಸಲು ಮೇಡಂ ತಾವಾಗಿಯೇ ಫೋನ್ ಮಾಡಿದರು. “ಬರೀ ಉಪ್ಪುನೀರು ಅಕ್ಕ. ಕಲ್ಲು ಚೆನ್ನಾಗೇ ಇತ್ತು. ಅದರೊಳಗೆ ಎಣ್ಣೆ ಬಂದೇ ಇರಲಿಲ್ಲ.”

ಸುದ್ದಿ ಹೊತ್ತು ಅವಳು ತಮ್ಮನ ಮನೆಗೆ ಹೋದಳು. ಅವನು ಇಂಜಿನ್ನಿನ ಭಾಗವೊಂದನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ.

“ಉಪ್ಪುನೀರು ಬೇಕಿತ್ತಾ ಅವರಿಗೆ? ಕೇಳಿದ್ರೆ ನಾನೇ ಒಂದು ಕೊಡ ತುಂಬಿ ಕೊಡ್ತಿದ್ದೆ,” ಎಂದ ತಮ್ಮ.

ಒಳಗಿದ್ದ ಅವನ ಹೆಂಡತಿ ಕಿಸಕ್ಕೆಂದಳು. ಅವನು ಮಾತ್ರ ನಗಲಿಲ್ಲ.

“ಆವತ್ತು ನಾನು ಬೇರೆ ಏನು ಹೇಳ್ಬೇಕಿತ್ತೋ?” ಎಂದು ಅವಳು ಕೇಳಿಯೇಬಿಟ್ಟಳು.

“ಏನೂ ಇಲ್ಲ. ಅದನ್ನೇ ಹೇಳ್ಬೇಕಿತ್ತು. ಕ್ಯಾಪ್ಟನ್ನೂ ತಪ್ಪು ಮಾಡ್ಲಿಲ್ಲ, ನೀನೂ ಮಾಡ್ಲಿಲ್ಲ. ಯಾರ ಮೇಲೆ ಸಿಟ್ಟಾಗ್ಬೇಕು ಅಂತ್ಲೇ ಗೊತ್ತಾಗ್ತಿಲ್ಲ ಅಕ್ಕ.”

ಅವಳಿಗೂ ಗೊತ್ತಿರಲಿಲ್ಲ. ಎದ್ದು ಬಂದಳು. ಅವನ ಮೀನು ಈಗಲೂ ಅಳಿವೆಯಾಚೆಗೇ ಹೋಗುತ್ತದೆ.