ಮೋಡೆಮ್ ರಿಪೇರಿಗೆ ಸಿಕ್ಕಿಬಿದ್ದ ಹರಿಹರದ ವರ

ಸರಸ್ವತಿ ನಗರದ ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಾಗುವ ಹಾಗೆ ನಾನೇ ಹೇಳಿಕೊಂಡು ತಿರುಗಿದ್ದೆ. ಕಾಲೇಜಿನಲ್ಲಿ ನಾನು ಪಾಠ ಮಾಡುತ್ತಿದ್ದುದು ವಾಣಿಜ್ಯಶಾಸ್ತ್ರ. ಕಂಪ್ಯೂಟರ್ ಕಲಿತದ್ದು ಬೇಸಿಗೆ ರಜೆಯ ಒಂದು ಕೋರ್ಸಿನಲ್ಲಿ, ಅದೂ ಕರೆಂಟು ಇದ್ದ ದಿನ ಮಾತ್ರ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ದಾವಣಗೆರೆಗೂ ಇಂಟರ್‌ನೆಟ್ ಬಂತು ಎಂದು ಕೇಳಿದ್ದೇ ತಡ, ಒಂದು ಮೋಡೆಮ್ ಕೊಂಡು ತಂದೆ. ಟೆಲಿಫೋನ್ ತಂತಿಯನ್ನು ಕಂಪ್ಯೂಟರಿಗೆ ಜೋಡಿಸುವ, ಮುಂಭಾಗದಲ್ಲಿ ಸಾಲಾಗಿ ಕೆಂಪು ದೀಪಗಳಿರುವ ಪುಟ್ಟ ಪೆಟ್ಟಿಗೆ ಅದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಆ ಡಬ್ಬವನ್ನು ಬಿಚ್ಚದೆ, ಬಂದುಹೋಗುವವರ ಕಣ್ಣಿಗೆ ಬೀಳಲೆಂದು ಪಡಸಾಲೆಯಲ್ಲಿ ಇಟ್ಟುಕೊಂಡಿದ್ದೆ.

ಅಕ್ಕಪಕ್ಕದ ಮನೆಗಳಿಗೆ ಇನ್ನೂ ಫೋನ್ ಬಂದಿರಲಿಲ್ಲ. ಅವರಿಗೆಲ್ಲ ನಮ್ಮ ನಂಬರೇ. ಯಾರದೋ ಫೋನ್ ಬಂದರೆ ರಿಸೀವರನ್ನು ಪಕ್ಕಕ್ಕೆ ಇಟ್ಟು, ಹೊರಗೆ ಹೋಗಿ ಅವರನ್ನು ಕೂಗಿ ಕರೆಯುವುದು ನಮ್ಮ ಮನೆಯ ಕಾಯಂ ಕೆಲಸ. ಒಂದೇ ಲೈನಿಗೆ ಪಡಸಾಲೆಯಲ್ಲೊಂದು, ಒಳಕೋಣೆಯಲ್ಲೊಂದು ಫೋನ್ ಇದ್ದವು.

ಪಕ್ಕದ ಮನೆಯ ಕಿರಾಣಿ ವ್ಯಾಪಾರಸ್ಥರ ಮಗಳಿಗೆ ಹರಿಹರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನಿಗೆ ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ. ಬಂದು ನೋಡಿಕೊಂಡು ಹೋಗಿದ್ದರು, ಅವರಿಗೆ ಒಪ್ಪಿಗೆಯಾಗಿತ್ತು. ಹುಡುಗಿಯ ಮಾತು ತಿಳಿಯಲು ಆ ದಿನ ಸಂಜೆ ನಮ್ಮ ಮನೆಗೆ ಫೋನ್ ಮಾಡುವವರಿದ್ದರು. ಅವಳ ತಂದೆ ಒಳ್ಳೆಯವರು. "ನೀನು ಹೂಂ ಅಂದ್ರೆ ಹೂಂ, ಬ್ಯಾಡ ಅಂದ್ರೆ ಬ್ಯಾಡ. ಆದ್ರೆ ಮಂದೀನ ಕಾಯಿಸೋದು ಮರ್ಯಾದಿ ಅಲ್ಲ, ಇವತ್ತೇ ಹೇಳಿಬಿಡು" ಎಂದಿದ್ದರು.

ಹುಡುಗಿ ಅದೇ ದಿನ ಬೆಳಿಗ್ಗೆ ನನ್ನ ಹೆಂಡತಿಯ ಮುಂದೆ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. "ಅಕ್ಕಾ, ಹೆಂಗ ಹೂಂ ಅನ್ಲಿ? ಆ ಮನುಷ್ಯ ಬಾಯೇ ಬಿಡ್ಲಿಲ್ಲ. ಬಂದಾಗಿಂದ ಉಪ್ಪಿಟ್ಟಿನ ಪ್ಲೇಟು ನೋಡ್ಕೋತ ಕೂತಿದ್ರು. ಅವರ ದನಿ ಹೆಂಗೈತೆ ಅಂತ ಸೈತ ನಂಗೆ ಗೊತ್ತಿಲ್ಲ. ಜೀವನ ಪೂರ್ತಿ ಬಾಳ್ವೆ ಮಾಡೋಳು ನಾನು."

ಹೆಣ್ಣು ನೋಡುವ ದಿನ ಮಾತೆಲ್ಲ ಹಿರಿಯರದು, ಹುಡುಗ ಹುಡುಗಿಯದೇನಿದ್ದರೂ ತಲೆ ತಗ್ಗಿಸುವ ಕೆಲಸ. ಆ ಶಾಸ್ತ್ರಕ್ಕೆ ನನಗೂ ಕರೆ ಬಂದಿತ್ತು. ನಾನು ಅಂಗಡಿಯವನು ಡಬ್ಬದ ಜೊತೆ ಬೇರೆಯಾಗಿ ಕೊಟ್ಟಿದ್ದ ಮೋಡೆಮ್ಮಿನ ಪುಸ್ತಿಕೆ ಓದುತ್ತ ಮನೆಯಲ್ಲೇ ಕೂತಿದ್ದರಿಂದ ಹುಡುಗನ ಮುಖ ನೋಡಿರಲಿಲ್ಲ.

ಇಷ್ಟು ತಿಳಿದರೆ ಸಾಕು. ಫೋನ್ ಬರಬೇಕಿದ್ದ ದಿನ ಬೆಳಿಗ್ಗೆ, ಹುಡುಗಿ ಬಂದುಹೋದ ಮೇಲೆ ಹೆಂಡತಿ ಎಂ.ಸಿ.ಸಿ. ಬಡಾವಣೆಯ ತವರಿಗೆ ಹೋದಳು. ನಾನು ಒಳಕೋಣೆಯಲ್ಲಿದ್ದಾಗ ಫೋನ್ ಬಂತು. ಯಾರೋ ಗಂಡಸು, ಮೆಲ್ಲಗಿನ ದನಿ: "ನಿಮ್ಮ ಪಕ್ಕದ ಮನೆಯವ್ರನ್ನ ಸ್ವಲ್ಪ ಕರೀತೀರೇನ್ರಿ?" "ಲೈನ್ ಮ್ಯಾಲೇ ಇರ್ರಿ" ಎಂದು ರಿಸೀವರನ್ನು ದಿಂಬಿನ ಮೇಲೆ ಇಟ್ಟು ಹೋದೆ. ಪಕ್ಕದ ಮನೆಗೆ ಬೀಗ. ವಾಪಸು ಬರುವಾಗ ಪಡಸಾಲೆಯಲ್ಲಿ ಮೋಡೆಮ್ ಡಬ್ಬ ಕಂಡಿತು. ಈವತ್ತು ಬಿಚ್ಚಿಯೇಬಿಡೋಣ ಅನ್ನಿಸಿತು. ದಿಂಬಿನ ಮೇಲಿನ ಮನುಷ್ಯನನ್ನು ಅಲ್ಲಿಗೇ ಮರೆತೆ.

ಮೋಡೆಮ್ಮಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ತಂತಿ ಸಿಕ್ಕಿಸಿದೆ. ದೀಪಗಳು ಹತ್ತಿದವು. ಡಯಲ್ ಮಾಡೆಂದರೆ ಕಂಪ್ಯೂಟರ್, ಲೈನಿನಲ್ಲಿ ಡಯಲ್ ಟೋನೇ ಇಲ್ಲ ಎಂದಿತು. ಮೋಡೆಮ್ ಆರಿಸಿ ಹಚ್ಚಿದೆ. ಗೋಡೆಯ ತಂತಿ ಸಿಕ್ಕಿಸಲು ಒಂದು ತೂತು, ಫೋನಿನ ತಂತಿಗೆ ಇನ್ನೊಂದು ತೂತು ಇರುತ್ತದೆ. ಅವನ್ನು ಅದಲುಬದಲು ಮಾಡಿದೆ. ಮತ್ತೆ ಅದಲುಬದಲು ಮಾಡಿದೆ. ಯಾವುದು ಮೊದಲಿನದು ಎಂಬುದೇ ಆಮೇಲೆ ನೆನಪಾಗಲಿಲ್ಲ. ವಿಭೂತಿ ಒಳಗೆ ಉದುರಿರಬಹುದೆಂದು ಗುಮಾನಿ ಬಂದು, ಹಲ್ಲುಜ್ಜುವ ಬ್ರಷ್ಷಿನಿಂದ ಗಾಳಿಕಿಂಡಿಗಳನ್ನೆಲ್ಲ ತಿಕ್ಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ತಪ್ಪೆಲ್ಲ ಲೈನಿನದೇ ಎಂದು ತೀರ್ಮಾನಿಸಿ, ಮೂಲೆಯ ಎಸ್‌ಟಿಡಿ ಬೂತಿಗೆ ಹೋಗಿ ಟೆಲಿಫೋನ್ ಇಲಾಖೆಗೆ ದೂರು ಕೊಟ್ಟು ಬಂದೆ. ಅಲ್ಲಿದ್ದವರಿಗೆಲ್ಲ ಇಂಟರ್‌ನೆಟ್ ಅಂದರೇನು ಎಂದು ವಿವರಿಸಿಯೂ ಬಂದೆ.

ಮಧ್ಯಾಹ್ನ ಕಳೆದ ಮೇಲೆ ಗೇಟಿನ ಹತ್ತಿರ ಒಬ್ಬ ಯುವಕ ಸ್ಕೂಟರ್ ನಿಲ್ಲಿಸಿದ. "ಇಲ್ಲಿ ಫೋನು..." ಎಂದು ಶುರುಮಾಡಿದ.

"ಬರ್ರಿ ಬರ್ರಿ! ಈಗ ಬಂದ್ರೇನ್ರಿ? ಎಷ್ಟೊತ್ತಿಂದ ಕಾಯೋದು?"

"ಅಲ್ರೀ ಸರ್, ನಾನು ಹರಿಹರದಿಂದ..."

"ಎಲ್ಲಿಂದರ ಬರ್ರಿ, ಮೊದ್ಲು ಇದನ್ನ ನೋಡ್ರಿ" ಎಂದು ಕೈ ಹಿಡಿದು ಎಳೆದುಕೊಂಡು ಹೋಗಿ ಕಂಪ್ಯೂಟರ್ ಟೇಬಲ್ಲಿನ ಕೆಳಗೆ ಕೂಡಿಸಿದೆ.

ಅವನು ಲೈನ್‌ಮನ್ ಅಲ್ಲ, ಅವನೇ ವರ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಬೆಳಿಗ್ಗೆ ಫೋನ್ ಮಾಡಿದವನೂ ಅವನೇ. ಹಿರಿಯರ ಮಾತು ಪಕ್ಕಾ ಆಗುವ ಮೊದಲು ಹುಡುಗಿಯ ಮನೆಗೆ ಒಬ್ಬನೇ ಹೋಗುವ ಹಾಗಿಲ್ಲವಲ್ಲ, ಅದಕ್ಕೇ ಫೋನಿರುವ ಮನೆ ಹುಡುಕಿಕೊಂಡು ಬಂದಿದ್ದ. ಹೆಣ್ಣಿನ ನೆರೆಮನೆಯ ಹಿರಿಯ ಎಂದು ನನಗೆ ಎದುರಾಡಲೂ ಅವನಿಂದ ಆಗಲಿಲ್ಲ. ನಾನೋ, "ನಿಮ್ಮ ಇಲಾಖೆ ಹಣೇಬರಹಾನೇ ಇಷ್ಟು" ಎಂದು ಅವನನ್ನು ತರಾಟೆಗೆ ತೆಗೆದುಕೊಂಡೆ. ಒಗೆದು ಇಸ್ತ್ರಿ ಮಾಡಿದ ಅಂಗಿಯ ತುಂಬ ಜೇಡರ ಬಲೆ ಮೆತ್ತಿಕೊಂಡು ಅವನು ಹೂಂ ಹೂಂ ಎನ್ನುತ್ತಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ, "ಅಣ್ಣಾರ, ಹರಿಹರದಿಂದ ಫೋನ್ ಏನಾರ ಬಂದಿತ್ತಾ?" ಎನ್ನುತ್ತ ಒಳಗೆ ಬಂದಳು. ಟೇಬಲ್ಲಿನ ಕೆಳಗೆ ನೋಡಿದಳು. ನೋಡಿ ಅಲ್ಲೇ ನಿಂತಳು.

"ಬಂದಿಲ್ಲವ್ವ, ಲೈನೇ ಸತ್ತೈತೆ. ಒಳ್ಳೇದಾತು ಬಂದಿ, ಈ ಟಾರ್ಚ್ ಹಿಡಿ" ಎಂದು ಅವಳ ಕೈಗೆ ಟಾರ್ಚ್ ಕೊಟ್ಟು, ಸ್ಕ್ರೂಡ್ರೈವರ್ ಹುಡುಕಲು ಅಡುಗೆಮನೆಗೆ ಹೋದೆ. ಡಬ್ಬಿಗಳ ಸದ್ದಿನಲ್ಲಿ ನನಗೇನೂ ಕೇಳಲಿಲ್ಲ. ಅಲ್ಲಿ ನಡೆದ ಮಾತನ್ನು ಹುಡುಗಿ ಆಮೇಲೆ ನನ್ನ ಹೆಂಡತಿಗೆ ಹೇಳಿದ್ದು.

"ಇದೆಲ್ಲ ಬರ್ತೈತಾ ನಿಮಗೆ?"

"ಇಲ್ರೀ. ಏನೂ ಗೊತ್ತಿಲ್ಲ. ಕಾರ್ಖಾನ್ಯಾಗ ನಂದು ಸ್ಟೋರ್ ಕೆಲಸ."

"ಮತ್ತ ಕೆಳಗ್ಯಾಕ ಕೂತೀರಿ?"

"ಅವರು ಕೂಡ್ರು ಅಂದ್ರು."

ಅವಳಿಗೆ ನಗು ತಡೆಯಲಾಗಲಿಲ್ಲವಂತೆ. "ಆವತ್ತು ಒಂದು ಮಾತೂ ಆಡ್ಲಿಲ್ಲ ಯಾಕ?"

"ಏನ್ ಕೇಳಬೇಕಂತ ಗೊತ್ತಾಗ್ಲಿಲ್ರೀ. ಮನಿಗೆ ಹೋದ್ಮ್ಯಾಲೆ ಕೆಟ್ಟ ಅನ್ನಿಸ್ತು. ನಿಮಗೇನಾರ ಕೇಳೋದಿದ್ರೆ ಕೇಳ್ಲಿ ಅಂತ ಬೆಳಿಗ್ಗೆ ಫೋನ್ ಹಚ್ಚಿದ್ದೆ. ಆಮ್ಯಾಲೆ ಬರೇ ಎಂಗೇಜು."

ಅವಳು ಕೇಳಿದಳು. ಏನೇನು ಕೇಳಿದಳೋ, ಅದನ್ನು ಮಾತ್ರ ನನ್ನ ಹೆಂಡತಿ ಇವತ್ತಿಗೂ ನನಗೆ ಹೇಳಿಲ್ಲ.

ನಾನು ಸ್ಕ್ರೂಡ್ರೈವರ್ ಸಿಗದೆ ಮಂಡಕ್ಕಿ-ಮಿರ್ಚಿ ತಟ್ಟೆ ಹಿಡಿದುಕೊಂಡು ವಾಪಸು ಬಂದೆ. ಕಂಪ್ಯೂಟರಿನ ಅಂಕಿಗಳನ್ನು ಮೋಡೆಮ್ ಹೇಗೆ ಸದ್ದನ್ನಾಗಿ ಮಾಡಿ ತಂತಿಯಲ್ಲಿ ಕಳಿಸುತ್ತದೆ ಎಂದು ಇಬ್ಬರಿಗೂ ಪಾಠ ಮಾಡಿದೆ. ಹುಡುಗ ಗಮನವಿಟ್ಟು ಕೇಳಿ, "ತಿಳೀಲಿಲ್ರೀ ಸರ್. ಇನ್ನೊಂದ್ಸಲ ಹೇಳ್ರಿ" ಎಂದ. ಇನ್ನೊಂದು ಸಲ ಹೇಳಲು ನನಗೆ ಬರಲಿಲ್ಲ. "ಅದು ಭಾಳ ಟೆಕ್ನಿಕಲ್ ಐತೆ, ಬಿಡ್ರಿ" ಎಂದೆ.

ಸಂಜೆಯಾಗುತ್ತಿದ್ದಂತೆ ಹೆಂಡತಿ ಬಂದಳು. ಸೀದಾ ಒಳಕೋಣೆಗೆ ಹೋದವಳು ಅಲ್ಲಿಂದಲೇ ಕೂಗಿದಳು: "ರೀ, ಈ ರಿಸೀವರ್ ಯಾಕ ದಿಂಬಿನ ಮ್ಯಾಲೆ ಮಲಗೈತಿ?"

ಬೆಳಿಗ್ಗೆ ಅದನ್ನು ಅಲ್ಲಿ ಬಿಟ್ಟುಬಂದದ್ದು ಆಗ ನೆನಪಾಯಿತು. ಒಳಗಿನ ಫೋನ್ ಎತ್ತಿಟ್ಟಿದ್ದರೆ ಹೊರಗಿನ ಮೋಡೆಮ್ಮಿಗೆ ಡಯಲ್ ಟೋನ್ ಎಲ್ಲಿಂದ ಬರಬೇಕು? ಪುಸ್ತಿಕೆಯ ಮೊದಲನೆಯ ಪುಟದಲ್ಲೇ ಅದು ಬರೆದಿತ್ತು. ಮೊದಲನೆಯ ಪುಟ ನನ್ನಂಥವರಿಗಲ್ಲ ಎಂದು ಬಿಟ್ಟು ಓದಿದ್ದೆ. "ಲೈನ್ ಒಳಗೇ ಏನೋ ಲೋಡ್ ಆಗಿರಬೇಕು" ಎಂದು ಹುಡುಗನಿಗೆ ಹೇಳಿದೆ. ಅವನು ಆಗಲೂ ಹೂಂ ಎಂದ.

ಹೆಂಡತಿ ರಿಸೀವರ್ ಇಟ್ಟ ಸ್ವಲ್ಪ ಹೊತ್ತಿಗೇ ಫೋನ್ ಬಾರಿಸಿತು. ಹರಿಹರದ ಹಿರಿಯರು. ಅಂಗಡಿಯಿಂದ ಬಂದು ಕಾಯುತ್ತಿದ್ದ ಹುಡುಗಿಯ ತಂದೆಯನ್ನು ಹೆಂಡತಿ ಕೂಗಿದಳು. ಅವರು ಒಳಗೆ ಕಾಲಿಟ್ಟವರೇ ಟೇಬಲ್ಲಿನ ಕಡೆ ನೋಡಿ, "ಅಯ್ ಶಿವನೇ! ಇದೇನ್ರಿ, ಅಳಿಯಂದಿರು ನೆಲದ ಮ್ಯಾಲೆ!" ಎಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗ ಗಡಬಡಿಸಿ ಎದ್ದು, ಟೇಬಲ್ಲಿಗೆ ತಲೆ ಹೊಡೆದುಕೊಂಡು, ಅದೇ ತಲೆಯನ್ನು ಸವರಿಕೊಳ್ಳುತ್ತ ನಮಸ್ಕಾರ ಮಾಡಿದ. ತಂದೆ ರಿಸೀವರಿನ ಬಾಯಿಗೆ ಕೈ ಮುಚ್ಚಿ ಮಗಳ ಮುಖ ನೋಡಿದರು.

"ಹೂಂ ಅನ್ರಿ ಅಪ್ಪಾಜಿ" ಎಂದಳು ಹುಡುಗಿ. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು.

ಆಮೇಲೆ ಹೆಂಡತಿ ಚಹಾ ಮಾಡಲು ಹೋದಾಗ ಹುಡುಗಿಯೂ ಹಿಂದೆ ಹೋದಳು. ಖಾಲಿ ತಟ್ಟೆ ಇಡಲೆಂದು ನಾನು ಅಡುಗೆಮನೆಯ ಬಾಗಿಲಿಗೆ ಬಂದಿದ್ದೆ. ಅವರು ನನ್ನನ್ನು ನೋಡಲಿಲ್ಲ.

"ಬೆಳಿಗ್ಗೆ ಅಳ್ತಿದ್ದೆಲ್ಲೇ. ಏನ್ ಕಂಡು ಒಪ್ಪಿದಿ?" ಎಂದು ಹೆಂಡತಿ ಕೇಳಿದಳು.

"ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಾರಕ್ಕಾ. ಅಣ್ಣಾರಂಗೆ ಅಲ್ಲ."

ಹೆಂಡತಿ ನಕ್ಕಾಳು ಎಂದು ಕಾದೆ. ಅವಳು ನಗಲಿಲ್ಲ. ಚಹಾ ಸೋಸುತ್ತ, "ಪುಣ್ಯ ಮಾಡೀಯವ್ವ ನೀನು" ಎಂದಳು.