ಖಾಡಿಗೆ ಬಿಟ್ಟ ಫೈಲು

ನಿಮ್ಮ ತಾಯಿ ಕಾಲೇಜಿನಲ್ಲಿದ್ದಾಗ ಗೆಳತಿಯರ ಕಾಗದಗಳನ್ನು ರೈಲಿನಲ್ಲಿ ಬಿಟ್ಟು ಬಂದಳೆಂದು ನೀವು ಕೇಳಿರಬಹುದು. ಅದು ನಿಜವಲ್ಲ. ಕಳೆದವಳು ನಾನು, ನಿಮ್ಮ ಅಜ್ಜಿ. ಎದುರಿಗೆ ಕೂತು ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಿಜಾಪುರದ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು ನಾನು. ಬರೆಯಲು ಬರುವುದು ಕನ್ನಡ ಒಂದೇ. ಯಾರಿಂದಾದರೂ ಓದಿಸಿಕೊಳ್ಳಿ.

ನಿಮ್ಮ ಅಜ್ಜ ತೀರಿದ ಮೇಲೆ ಕಲ್ಯಾಣದ ಚಾಳಿನಲ್ಲಿ ನಾನು, ನಿಮ್ಮ ತಾಯಿ ಇಬ್ಬರೇ ಇದ್ದೆವು. ನಿಮ್ಮ ತಾಯಿಯ ಕಾಲೇಜಿನಲ್ಲಿ ಏಳೆಂಟು ಮುಸ್ಲಿಂ ಹುಡುಗಿಯರು ಸೇರಿ ಒಂದು ಗುಂಪು ಮಾಡಿಕೊಂಡಿದ್ದರು. ಶುಕ್ರವಾರ ಮಧ್ಯಾಹ್ನ ಖಾಲಿ ಕ್ಲಾಸಿನಲ್ಲಿ ನಮಾಜು ಮಾಡುವುದು, ಆಮೇಲೆ ಹೊಸ ಹುಡುಗಿಯರಿಗೆ ಸ್ಕಾಲರ್‌ಶಿಪ್ ಫಾರ್ಮು ತುಂಬಿಕೊಡುವುದು. ಅಷ್ಟೇ ಅವರ ಕೆಲಸ.

ಲೋಕಲ್ ರೈಲುಗಳಲ್ಲಿ ಬಾಂಬು ಸಿಡಿದ ಮಳೆಗಾಲ ಅದು. ಹಿಂದಿನ ಚಾಳಿನ ಕಾಲೇಜು ಹುಡುಗನೊಬ್ಬನನ್ನು ಪೊಲೀಸರು ವಿಚಾರಣೆಗೆ ಕರೆದೊಯ್ದರು. ಅವನೂ ಇಂಥದೇ ಒಂದು ಗುಂಪಿನವನು. ಮನೆಯ ಕಾಗದಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೋದರಂತೆ. ನಲ್ಲಿಯ ಹತ್ತಿರ ಕಲಬುರಗಿಯ ನೆರೆಯವಳು ನನ್ನನ್ನು ಕೇಳಿದಳು.

"ಭಾಭಿ, ನಿಮ್ಮ ಮಗಳದೂ ಏನೋ ಗ್ರೂಪ್ ಅದ ಅಲ್ಲಾ? ಮನ್ಯಾಗ ಕಾಗದಾ ಗೀಗದಾ ಇಟ್ಟೀರೇನು?"

ಬಂದು ಹುಡುಕಿದೆ. ಟ್ರಂಕಿನ ಮೇಲೆ ದಪ್ಪನೆಯ ಫೈಲು ಇತ್ತು. ಒಳಗೆ ಹೆಸರುಗಳ ಪಟ್ಟಿ, ಹುಡುಗಿಯರ ಫೋಟೋ, ಠಸ್ಸೆ ಒತ್ತಿದ ಇಂಗ್ಲಿಷ್ ಹಾಳೆಗಳು. ಏನೆಂದು ತಿಳಿಯಲಿಲ್ಲ. ಒಲೆಗೆ ಹಾಕಬೇಕೆಂದರೆ ಮೊದಲ ಹಾಳೆಯ ಮೇಲೆ ಬಿಸ್ಮಿಲ್ಲಾ ಬರೆದಿತ್ತು. ಅಲ್ಲಾಹನ ಹೆಸರಿರುವ ಕಾಗದವನ್ನು ನಮ್ಮಲ್ಲಿ ಸುಡುವುದಿಲ್ಲ, ಕಸಕ್ಕೂ ಎಸೆಯುವುದಿಲ್ಲ, ನೀರಿಗೆ ಬಿಡುತ್ತೇವೆ. ಫೈಲನ್ನು ಬುರ್ಖಾದೊಳಗೆ ಹಿಡಿದು, ಊರಂಚಿನಲ್ಲಿ ಸಮುದ್ರದ ನೀರು ಏರಿ ಇಳಿಯುವ ಖಾಡಿಗೆ ಹೋದೆ. ಕಲ್ಲು ಕಟ್ಟಿ ಬಿಟ್ಟೆ. ಮುಳುಗಿತು. ಎದೆ ಹಗುರಾಯಿತು, ಬರುವಾಗ ಮಗಳಿಗೆ ಬಾಳೆಹಣ್ಣು ತಂದೆ.

ಅವಳು ಕಾಲೇಜಿನಿಂದ ಬಂದವಳೇ ಕೇಳಿದಳು, "ಅಮ್ಮೀ, ಫೈಲ್ ಕಿಧರ್ ಹೈ?"

"ಖಾಡ್ಯಾಗ ಬಿಟ್ಟೆ. ಪೊಲೀಸ್ರು ಬಂದ್ರ ಏನ್ ಮಾಡೂದವ್ವಾ?"

ಅವಳು ಚೀಲ ಇಳಿಸಿ ಟ್ರಂಕಿನ ಮೇಲೆ ಕೂತಳು. ಆಮೇಲೆ, "ಚಾರ್ ಲಡ್ಕಿಯೋಂಕೆ ಒರಿಜಿನಲ್ ಮಾರ್ಕ್‌ಶೀಟ್ ಥೇ ಉಸ್‌ಮೆ" ಅಂದಳು. ಮರುದಿನ ಝೆರಾಕ್ಸಿಗೆ ಪ್ರಿನ್ಸಿಪಾಲರ ಸಹಿ ಹಾಕಿಸಲೆಂದು ನಾಲ್ವರು ಹುಡುಗಿಯರ ಅಸಲು ಅಂಕಪಟ್ಟಿಗಳನ್ನು ಇಸಿದುಕೊಂಡು ಬಂದಿದ್ದಳಂತೆ. ಸ್ಕಾಲರ್‌ಶಿಪ್ ಫಾರ್ಮು ಕೊಡಲು ಆ ವಾರವೇ ಕೊನೆ.

ರೈಲಿನಲ್ಲಿ ಬಿಟ್ಟೆನೆಂದು ಗೆಳತಿಯರಿಗೆ ಅವಳೇ ಹೇಳಿದಳು. ನನ್ನ ಹೆಸರು ಎತ್ತಲಿಲ್ಲ. ಅಂದಿನಿಂದ ಯಾರೂ ಅವಳ ಕೈಗೆ ಕಾಗದ ಕೊಡಲಿಲ್ಲ. ಅವಳು ಶುಕ್ರವಾರ ಆ ಕ್ಲಾಸಿಗೆ ಹೋಗುವುದನ್ನೂ ಬಿಟ್ಟಳು. ಮೂವರು ಹುಡುಗಿಯರು ಪರೀಕ್ಷಾ ಬೋರ್ಡಿಗೆ ಅಲೆದು ಅಂಕಪಟ್ಟಿಯ ನಕಲು ಮಾಡಿಸಿಕೊಂಡು ಮುಂದಿನ ವರ್ಷ ಅರ್ಜಿ ಹಾಕಿದರು. ನಾಲ್ಕನೆಯವಳು ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಹಮಾಲನ ಮಗಳು. ಸ್ಕಾಲರ್‌ಶಿಪ್ ಬಂದರೆ ಓದು, ಇಲ್ಲವಾದರೆ ನಿಕಾಹ್ ಎಂದು ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ಅವಳ ನಿಕಾಹ್ ಕೋಪರಖೈರಣೆಯಲ್ಲಿ ಆಯಿತು. ನಿಮ್ಮ ತಾಯಿ ಬರಲಿಲ್ಲ, ನಾನೊಬ್ಬಳೇ ಹೋದೆ. ಹೆಂಗಸರ ನಡುವೆ ಕೂತಿದ್ದ ಮದುಮಗಳು ನನ್ನ ಕೈ ಹಿಡಿದುಕೊಂಡು ನಿಮ್ಮ ತಾಯಿಯನ್ನು ಕೇಳಿದಳು, ಅವಳನ್ನು ಆಪಾ ಎಂದೇ ಕರೆಯುತ್ತಿದ್ದಳು.

"ಆಂಟಿ, ಆಪಾ ಕ್ಯೂಂ ನಹೀ ಆಯೀ? ಉಸ್ಕೋ ಬೋಲೋ, ಮೈ ಗುಸ್ಸಾ ನಹೀ ಹೂಂ. ಟ್ರೇನ್ ಮೇ ಕಿಸೀ ಕಾ ಭೀ ಛೂಟ್ ಜಾತಾ ಹೈ."

ಮೆಹಂದಿ ಹಚ್ಚಿದ ಅವಳ ಕೈ ತಣ್ಣಗಿತ್ತು. ಸಿಟ್ಟಿಲ್ಲ, ರೈಲಿನಲ್ಲಿ ಯಾರದಾದರೂ ಬಿಟ್ಟುಹೋಗುತ್ತದೆ ಎನ್ನುವವಳಿಗೆ, ನೀರಿಗೆ ಬಿಟ್ಟವಳು ನಾನೆಂದು ಆಗಲೇ ಹೇಳಬೇಕಿತ್ತು. ಸುತ್ತ ಅಷ್ಟೊಂದು ಜನ. "ಹಾಂ ಬೇಟಾ, ಬೋಲ್ತೀ ಹೂಂ" ಎಂದು ಕೈ ಬಿಡಿಸಿಕೊಂಡು ಊಟದ ಸಾಲಿನಲ್ಲಿ ಹೋಗಿ ಕೂತೆ.